ಜಾನ್ ಕ್ಲೇರ್‌ಬೌಟ್

ಜಾನ್ ಎಫ್. ಕ್ಲೇರ್‌ಬೌಟ್ ಅಮೆರಿಕದ ಭೂಭೌತವಿಜ್ಞಾನಿ ಹಾಗೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ. ಕಂಪನದ ಅಲೆಗಳಿಂದ ಭೂಮಿಯ ಒಳಪದರಗಳ ಚಿತ್ರವನ್ನು ಗಣಕಯಂತ್ರದಲ್ಲಿ ರಚಿಸುವ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು. 1967ರಲ್ಲಿ ಎಂ.ಐ.ಟಿ.ಯಿಂದ ಪಿಎಚ್.ಡಿ. ಪಡೆದು ಸ್ಟ್ಯಾನ್‌ಫರ್ಡ್ ಸೇರಿದ ಇವರು, 1973ರಲ್ಲಿ ಅಲ್ಲಿ ತೈಲೋದ್ಯಮದ ನೆರವಿನಿಂದ 'ಸ್ಟ್ಯಾನ್‌ಫರ್ಡ್ ಎಕ್ಸ್‌ಪ್ಲೊರೇಷನ್ ಪ್ರಾಜೆಕ್ಟ್' ಎಂಬ ಸಂಶೋಧನಾ ತಂಡವನ್ನು ಕಟ್ಟಿದರು.

ಚಿತ್ರಣ ತತ್ತ್ವ

ತೈಲಶೋಧದಲ್ಲಿ ನೆಲದೊಳಕ್ಕೆ ಅಲೆಗಳನ್ನು ಕಳುಹಿಸಿ, ಶಿಲಾಪದರಗಳಿಗೆ ತಾಗಿ ಮರಳಿ ಬಂದವನ್ನು ಸಾಲಾಗಿ ನೆಟ್ಟ ಜಿಯೋಫೋನ್‌ಗಳಿಂದ ದಾಖಲಿಸುತ್ತಾರೆ. ದಾಖಲೆಯಲ್ಲಿ ದೊರೆಯುವುದು ಅಲೆ ಬಂದ ಕಾಲವೇ ಹೊರತು ಪದರವಿರುವ ಸ್ಥಳವಲ್ಲ. ಪದರವು ಓರೆಯಾಗಿದ್ದರೆ ಪ್ರತಿಧ್ವನಿಯು ಜಿಯೋಫೋನಿನ ನೇರ ಕೆಳಗಿನಿಂದ ಬರುವುದಿಲ್ಲ. ಹಾಗೆ ಬಂದಿತೆಂದು ನಂಬಿ ಬಾವಿ ಕೊರೆದರೆ ಅಪಾರ ವೆಚ್ಚ ವ್ಯರ್ಥವಾದೀತು. ಗಣಕಯಂತ್ರಗಳು ಬರುವ ಮುನ್ನ ಈ ತಿದ್ದುಪಡಿಯನ್ನು ಕೈವಾರ ಹಿಡಿದು ಕಾಗದದ ಮೇಲೆ ಮಾಡಲಾಗುತ್ತಿತ್ತು.

'ಜಿಯೋಫಿಸಿಕ್ಸ್' ಪತ್ರಿಕೆಯಲ್ಲಿ 1971ರಲ್ಲಿ ಪ್ರಕಟವಾದ ಲೇಖನದಲ್ಲಿ ಕ್ಲೇರ್‌ಬೌಟ್ ಒಂದು ಸರಳ ನಿಯಮವನ್ನು ಮುಂದಿಟ್ಟರು. ಕೆಳಗಿಳಿಯುವ ಅಲೆಯು ಒಂದು ಬಿಂದುವನ್ನು ತಲಪುವ ಕ್ಷಣವೂ ಮೇಲೇರುವ ಅಲೆಯು ಅಲ್ಲಿಂದ ಹೊರಡುವ ಕ್ಷಣವೂ ಒಂದೇ ಆಗಿದ್ದರೆ, ಅಲೆಯನ್ನು ಮರಳಿಸಿದ ಪದರವು ಆ ಬಿಂದುವಿನಲ್ಲಿಯೇ ಇದೆ. ತರಂಗ ಸಮೀಕರಣವನ್ನು ಸರಳೀಕರಿಸಿ, ಮೇಲೆ ದಾಖಲಾದ ಅಲೆಗಳನ್ನು ಗಣನೆಯಲ್ಲಿಯೇ ಹಂತಹಂತವಾಗಿ ಕೆಳಕ್ಕೆ ಇಳಿಸಿ ಈ ನಿಯಮವನ್ನು ಅನ್ವಯಿಸುವುದು ಅಂದಿನ ಪುಟ್ಟ ಗಣಕಗಳಿಗೂ ಸಾಧ್ಯವಾಯಿತು. ಮುಂದೆ ಬಂದ ಅನೇಕ ವಿಧಾನಗಳು ಈ ತತ್ತ್ವವನ್ನೇ ಆಧರಿಸಿವೆ.

ನೆಲದ ಸಹಜ ಕಂಪನಗಳಿಂದಲೂ ಪದರಗಳನ್ನು ಅರಿಯಬಹುದೆಂಬ ಸೂಚನೆ ಇವರ 1968ರ ಲೇಖನದಲ್ಲಿದೆ. ಸ್ಫೋಟವಿಲ್ಲದೆ, ಕೇವಲ ಗದ್ದಲವನ್ನು ಆಲಿಸಿ ಚಿತ್ರಿಸುವ ಈ ಮಾರ್ಗವು ಫಲ ಕೊಡಲು ದಶಕಗಳೇ ಹಿಡಿದವು.

ಪುನರಾವರ್ತನೀಯ ಸಂಶೋಧನೆ

ಕ್ಲೇರ್‌ಬೌಟರ ಹೆಸರು ಭೂವಿಜ್ಞಾನದ ಆಚೆಗೂ ಹಬ್ಬಿದ್ದು ಬೇರೊಂದು ಕಾರಣದಿಂದ. ಪದವಿ ಪಡೆದ ವಿದ್ಯಾರ್ಥಿ ಹೊರಟುಹೋದ ಮೇಲೆ ಆತನ ಪ್ರಬಂಧದ ಚಿತ್ರಗಳನ್ನು ಮತ್ತೆ ರಚಿಸುವುದು ಬಹಳ ಕಷ್ಟವಾಗುತ್ತಿತ್ತು. ಎಷ್ಟೋ ಸಲ ರಚಿಸಿದವರಿಗೇ ಅದು ಸಾಧ್ಯವಾಗುತ್ತಿರಲಿಲ್ಲ. ಇದು ಅಚ್ಚುಕಟ್ಟಿನ ಪ್ರಶ್ನೆಯಷ್ಟೇ ಅಲ್ಲ, ಮತ್ತೆ ಪಡೆಯಲಾಗದ ಫಲಿತಾಂಶವನ್ನು ಪರೀಕ್ಷಿಸುವುದೂ ಅಸಾಧ್ಯ. ಆದುದರಿಂದ ತಂಡದ ವರದಿಗಳಲ್ಲಿ ಪ್ರತಿ ಚಿತ್ರವನ್ನೂ ಒಂದೇ ಆದೇಶದಿಂದ ಅಳಿಸಿ ಪುನಃ ರಚಿಸಲು ಸಾಧ್ಯವಾಗುವ ವ್ಯವಸ್ಥೆಯನ್ನು 1990ರ ಸುಮಾರಿಗೆ ತಂದರು. ಸುಲಭವಾಗಿ ಪುನಃ ರಚಿಸಬಹುದಾದದ್ದು, ಷರತ್ತಿಗೆ ಒಳಪಟ್ಟದ್ದು, ಪುನಃ ರಚಿಸಲಾಗದ್ದು ಎಂಬ ಗುರುತನ್ನು ಚಿತ್ರದ ಕೆಳಗೇ ಹಾಕುವ ಪದ್ಧತಿ ಬೆಳೆಯಿತು. 1992ರಲ್ಲಿ ಮಾರ್ಟಿನ್ ಕರೆನ್‌ಬಾಕ್ ಜೊತೆಗೂಡಿ ಈ ವಿಚಾರವನ್ನು ವಿದ್ವತ್‌ಸಭೆಯ ಮುಂದಿಟ್ಟರು.

ಅದೇ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಡೊನೊಹೊ ಇದನ್ನು ತಮ್ಮ ಕ್ಷೇತ್ರಕ್ಕೆ ಒಯ್ದರು. ಕ್ಲೇರ್‌ಬೌಟರ ಶಿಷ್ಯ ಸೆರ್ಗೆಯ್ ಫೊಮೆಲ್ ಆರಂಭಿಸಿದ 'ಮಡಗಾಸ್ಕರ್' ಎಂಬ ಮುಕ್ತ ತಂತ್ರಾಂಶವು ಇದೇ ಪದ್ಧತಿಯನ್ನು ಅನುಸರಿಸುತ್ತದೆ.