ಎಳೆಯ ಮನಸ್ಸು ಮತ್ತು ಮಾಧ್ಯಮ: ಕ್ರೈಸ್ತ ಚಿಂತನೆಯ ಹಿನ್ನೆಲೆ

ಮಾಧ್ಯಮಗಳು ಮಕ್ಕಳ ಮನಸ್ಸನ್ನು ಕೆಡಿಸುತ್ತಿವೆ ಎಂಬ ದೂರು ಟಿವಿಯೊಂದಿಗೆ ಹುಟ್ಟಿದ್ದೆಂದು ಭಾವಿಸುವವರೇ ಹೆಚ್ಚು. ಆದರೆ ಕ್ರೈಸ್ತ ಪರಂಪರೆಯಲ್ಲಿ ಈ ಚರ್ಚೆ ಆರಂಭವಾಗಿ ಹದಿನಾರು ಶತಮಾನಗಳೇ ಸಂದಿವೆ. ನಾಲ್ಕನೆಯ ಶತಮಾನದ ರೋಮನ್ ಸಾಮ್ರಾಜ್ಯದಲ್ಲಿ ಪತ್ರಿಕೆ, ಬಾನುಲಿ ಇರಲಿಲ್ಲ, ನಿಜ. ರಂಗಮಂದಿರವಿತ್ತು, ರಥದ ಓಟವಿತ್ತು, ಖಡ್ಗಧಾರಿಗಳ ಕಾಳಗವಿತ್ತು. ಸಹಸ್ರಾರು ಜನರನ್ನು ಒಮ್ಮೆಗೇ ಸೆಳೆಯುತ್ತಿದ್ದ ಆ ಪ್ರದರ್ಶನಗಳನ್ನು ಅಂದಿನ ಸಮೂಹ ಮಾಧ್ಯಮ ಎನ್ನಲು ಅಡ್ಡಿಯಿಲ್ಲ.

ಸಂತ ಅಗಸ್ಟೀನರು ತಮ್ಮ ಆತ್ಮಕಥನವಾದ 'ಕನ್ಫೆಷನ್ಸ್' ಕೃತಿಯ ಆರನೆಯ ಭಾಗದಲ್ಲಿ ಅಲಿಪಿಯಸ್ ಎಂಬ ಗೆಳೆಯನ ಪ್ರಸಂಗವನ್ನು ನಿರೂಪಿಸಿದ್ದಾರೆ. ಕಾನೂನು ಓದಲು ರೋಮ್‌ಗೆ ಹೋಗಿದ್ದ ಆ ತರುಣನಿಗೆ ಕಾಳಗದ ಆಟವೆಂದರೆ ಹೇಸಿಗೆ. ಸಹಪಾಠಿಗಳು ಬಲವಂತವಾಗಿ ಎಳೆದೊಯ್ದಾಗ, ದೇಹವನ್ನು ಮಾತ್ರ ಕೂರಿಸಬಲ್ಲಿರಿ ಎಂದು ಸವಾಲು ಹಾಕಿ ಆತ ಕಣ್ಣು ಮುಚ್ಚಿ ಕುಳಿತ. ಕಿವಿ ಮುಚ್ಚಿಕೊಂಡಿರಲಿಲ್ಲ. ಜನಸಮೂಹದ ಒಂದು ಭಾರೀ ಬೊಬ್ಬೆಗೆ ಕುತೂಹಲ ಕೆರಳಿ ಕಣ್ತೆರೆದವನು ರಕ್ತದ ದೃಶ್ಯಕ್ಕೆ ಮರುಳಾದ. ಮುಂದೆ ಇತರರನ್ನೂ ಅಲ್ಲಿಗೆ ಕರೆದೊಯ್ಯುವವನಾದ. ದೃಢಸಂಕಲ್ಪವೊಂದೇ ರಕ್ಷೆಯಾಗದು ಎಂಬ ಅರಿವು ಈ ಪ್ರಸಂಗದಲ್ಲಿದೆ.

ಅಗಸ್ಟೀನರ ಸಮಕಾಲೀನರಾದ ಸಂತ ಜಾನ್ ಕ್ರಿಸೋಸ್ಟಮ್ ಮಕ್ಕಳ ಪಾಲನೆಯ ಕುರಿತೇ ಒಂದು ಕೃತಿ ರಚಿಸಿದರು. ಮಗುವಿನ ಆತ್ಮ ಹೊಸದಾಗಿ ಕಟ್ಟಿದ ಒಂದು ನಗರ. ನಾಲಗೆ, ಕಣ್ಣು, ಕಿವಿ, ಮೂಗು ಮತ್ತು ಸ್ಪರ್ಶ ಅದರ ಬಾಗಿಲುಗಳು. ತಂದೆ ಆ ಬಾಗಿಲುಗಳಿಗೆ ಕಾವಲಿಡಬೇಕು ಎಂಬುದು ಅವರ ಉಪಮೆ. ಹುಡುಗನನ್ನು ರಂಗಮಂದಿರಕ್ಕೆ ಕಳುಹಿಸಬಾರದೆಂದೂ ಅವರು ಹೇಳುತ್ತಾರೆ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಸಂಜೆಯ ಹೊತ್ತು ತಂದೆ ಮಗನಿಗೆ ಕಾಯಿನ ಮತ್ತು ಹೇಬೆಲರ ಕಥೆಯನ್ನು ಸ್ವಾರಸ್ಯವಾಗಿ ಹೇಳಬೇಕು, ಇನ್ನೊಂದು ದಿನ ಅದನ್ನು ಅವನ ಬಾಯಿಂದಲೇ ಹೇಳಿಸಬೇಕು. ಮುಂದೆ ದೇವಾಲಯದಲ್ಲಿ ಆ ಭಾಗ ಓದುವಾಗ, ಇದು ನನಗೆ ಗೊತ್ತಿರುವ ಕಥೆ ಎಂದು ಹುಡುಗ ಸಂಭ್ರಮಿಸುತ್ತಾನೆ ಎಂದು ಅವರು ಬರೆಯುತ್ತಾರೆ. ಬಾಗಿಲಿಗೆ ಕಾವಲು ಒಂದು ಕಡೆ, ಮನೆಯೊಳಗೆ ಕಥೆ ಇನ್ನೊಂದು ಕಡೆ. ಮುಂದಿನ ಇತಿಹಾಸದಲ್ಲಿ ಇವೆರಡು ಜೊತೆಯಾಗಿ ಸಾಗಿದ್ದು ಅಪರೂಪ.

ಮುದ್ರಣಯುಗದಲ್ಲಿ ಕಥೆಯ ಪಕ್ಷಕ್ಕೆ ಬಲ ಬಂದಿತು. ಲಂಡನ್ನಿನ ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ, ಹುಡುಗರು ಮುಗಿಬಿದ್ದು ಓದುತ್ತಿದ್ದ ಅಗ್ಗದ ರೋಚಕ ಕಥೆಗಳಿಗೆ ಎದುರಾಗಿ 1879ರಲ್ಲಿ 'ಬಾಯ್ಸ್ ಓನ್ ಪೇಪರ್' ಎಂಬ ವಾರಪತ್ರಿಕೆಯನ್ನು ಹೊರತಂದಿತು. ಅದರಲ್ಲಿ ಉಪದೇಶಕ್ಕಿಂತ ಸಾಹಸವೇ ಹೆಚ್ಚಾಗಿತ್ತು. ಜೂಲ್ಸ್ ವೆರ್ನ್‌ನ ಕಾದಂಬರಿಗಳೂ ಧಾರಾವಾಹಿಯಾಗಿ ಬಂದವು. 1967ರವರೆಗೆ ಅದು ಬಾಳಿದ್ದರ ಗುಟ್ಟು ಬಹುಶಃ ಇದೇ. ಅಕ್ಷರದ ಶಕ್ತಿಯ ಮೇಲಿನ ಇಂಥದೇ ನಂಬಿಕೆಯಿಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ್ದು ನಮ್ಮ ಓದುಗರಿಗೆ ತಿಳಿದ ವಿಷಯ.

ಸಿನಿಮಾ ಬಂದೊಡನೆ ಕಾವಲಿನ ಪಕ್ಷ ಮೇಲುಗೈ ಪಡೆಯಿತು. ಆತಂಕ ನಿರಾಧಾರವಾಗಿರಲಿಲ್ಲ. ಪೇನ್ ನಿಧಿಯ ನೆರವಿನಿಂದ ಅಮೆರಿಕದಲ್ಲಿ ನಡೆದ ಅಧ್ಯಯನಮಾಲೆ 1933ರಲ್ಲಿ ಪ್ರಕಟವಾಯಿತು. ಅದರ ಅಂಗವಾಗಿ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ ಯುವಜನರಿಂದ ಅವರವರ ಸಿನಿಮಾ ಅನುಭವಗಳನ್ನು ಬರೆಸಿ ಸಂಗ್ರಹಿಸಿದ್ದರು. ಉಡುಪು, ನಡೆನುಡಿ, ಪ್ರೇಮದ ರೀತಿ, ಬಾಲ್ಯದ ಆಟ ಎಲ್ಲವನ್ನೂ ತೆರೆಯಿಂದ ಕಲಿತೆವೆಂದು ಅವರು ಒಪ್ಪಿಕೊಂಡಿದ್ದರು. ಅದೇ ಹೊತ್ತಿಗೆ ಅಮೆರಿಕದ ಕಥೋಲಿಕರು 'ಲೀಜನ್ ಆಫ್ ಡೀಸೆನ್ಸಿ' ಎಂಬ ಸಂಘಟನೆ ಕಟ್ಟಿದರು. ಕೆಟ್ಟ ಚಿತ್ರಗಳನ್ನು ನೋಡುವುದಿಲ್ಲವೆಂದು ಲಕ್ಷಾಂತರ ಜನ ಪ್ರತಿಜ್ಞೆ ಮಾಡಿದರು. ಜೆಸ್ವಿಟ್ ಪಾದ್ರಿ ಡೇನಿಯಲ್ ಲಾರ್ಡ್ ಮತ್ತು ಪ್ರಕಾಶಕ ಮಾರ್ಟಿನ್ ಕ್ವಿಗ್ಲಿ ರೂಪಿಸಿ, 1930ರಲ್ಲಿ ಹಾಲಿವುಡ್ ಒಪ್ಪಿದ್ದ ನೀತಿಸಂಹಿತೆ 1934ರಿಂದ ಬಿಗಿಯಾಗಿ ಜಾರಿಯಾಯಿತು. 1936ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಅಮೆರಿಕದ ಬಿಷಪರಿಗೆ ಬರೆದ 'ವಿಜಿಲಾಂತಿ ಕೂರಾ' ಪತ್ರದಲ್ಲಿ ಈ ಚಳವಳಿಯನ್ನು ಶ್ಲಾಘಿಸಿದರು. ಕತ್ತಲೆಯ ಮಂದಿರದಲ್ಲಿ, ಮನಸ್ಸಿನ ಬಿಗಿ ಸಡಿಲಗೊಂಡ ಸ್ಥಿತಿಯಲ್ಲಿ, ಗುಂಪಿನ ನಡುವೆ ಕುಳಿತು ನೋಡುವುದರಿಂದಲೇ ಚಿತ್ರಕ್ಕೆ ಇಷ್ಟು ಶಕ್ತಿ ಎಂಬ ಅವರ ವಿಶ್ಲೇಷಣೆ ಇಂದಿಗೂ ಓದತಕ್ಕದ್ದು. ಒಳ್ಳೆಯ ಚಿತ್ರ ಒಳ್ಳೆಯ ಪ್ರಭಾವ ಬೀರಬಲ್ಲದು ಎಂದೂ ಅವರು ಹೇಳಿದ್ದರು. ಆ ಮಾತು ಅನೇಕರ ಕಿವಿಗೆ ಬೀಳಲಿಲ್ಲ.

ಕಾವಲುಗಾರರ ಆಯ್ಕೆ ಎಷ್ಟೋ ಸಲ ತಪ್ಪಿತು. ಇಟಲಿಯ ರೊಸೆಲ್ಲಿನಿಯ 'ದಿ ಮಿರಾಕಲ್' ಚಿತ್ರವನ್ನು ಲೀಜನ್ ಖಂಡಿಸಿತು, ನ್ಯೂಯಾರ್ಕ್ ರಾಜ್ಯ ಅದರ ಪರವಾನಗಿ ರದ್ದುಮಾಡಿತು. 1952ರಲ್ಲಿ ಸುಪ್ರೀಂ ಕೋರ್ಟು ಚಲನಚಿತ್ರಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದು ತೀರ್ಪಿತ್ತುದು ಇದೇ ಪ್ರಕರಣದಲ್ಲಿ. 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಅದೇ ರೊಸೆಲ್ಲಿನಿಯ ಎರಡು ಚಿತ್ರಗಳಿದ್ದವು! ಪ್ರೊಟೆಸ್ಟಂಟರ ಅನುಭವವೂ ಭಿನ್ನವಲ್ಲ. ಸದರ್ನ್ ಬ್ಯಾಪ್ಟಿಸ್ಟರು 1997ರಲ್ಲಿ ಡಿಸ್ನಿ ಕಂಪನಿಯ ವಿರುದ್ಧ ಸಾರಿದ ಬಹಿಷ್ಕಾರವನ್ನು 2005ರಲ್ಲಿ ಹಿಂತೆಗೆದುಕೊಂಡರು.

ಇನ್ನೊಂದು ದಾರಿಯನ್ನು ತೋರಿಸಿದವರು ಪಿಟ್ಸ್‌ಬರ್ಗಿನ ಫ್ರೆಡ್ ರೋಜರ್ಸ್. ಟಿವಿಯಲ್ಲಿ ಜನ ಪರಸ್ಪರ ಮುಖಕ್ಕೆ ತಿಂಡಿ ಎರಚಿಕೊಳ್ಳುವುದನ್ನು ಕಂಡು ಜಿಗುಪ್ಸೆಗೊಂಡ ಅವರು ಅದರಿಂದ ದೂರ ಸರಿಯದೆ, ಅದನ್ನೇ ವೃತ್ತಿಯಾಗಿ ಆರಿಸಿಕೊಂಡರು. 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆ ಅವರಿಗೆ ಪಾದ್ರಿದೀಕ್ಷೆ ಕೊಟ್ಟಾಗ ವಹಿಸಿದ್ದು ಯಾವುದೇ ದೇವಾಲಯದ ಹೊಣೆಯನ್ನಲ್ಲ. ಮಾಧ್ಯಮದ ಮೂಲಕ ಮಕ್ಕಳ ಮತ್ತು ಕುಟುಂಬಗಳ ಸೇವೆಯನ್ನು. 1968ರಿಂದ 2001ರವರೆಗೆ ನಡೆದ ಅವರ ಕಾರ್ಯಕ್ರಮದಲ್ಲಿ ಧರ್ಮಬೋಧೆ ಇರಲಿಲ್ಲ. ನಿಧಾನದ ಮಾತು, ಮೌನ, ಕೋಪ ಬಂದಾಗ ಏನು ಮಾಡಬೇಕೆಂಬ ವಿಚಾರ ಇದ್ದವು. ತಾವು ಮೀನುಗಳಿಗೆ ಆಹಾರ ಹಾಕುತ್ತಿರುವುದನ್ನು ಅವರು ಬಾಯಿಬಿಟ್ಟು ಹೇಳತೊಡಗಿದ್ದಕ್ಕೆ ಕಾರಣ, ಮೀನುಗಳು ಹಸಿದಿರಬಹುದೆಂದು ಚಿಂತಿಸಿದ ಒಬ್ಬ ಅಂಧ ಬಾಲಕಿಯ ಪತ್ರ. 1969ರಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಅವರು ಆಡಿದ ಕೆಲವೇ ನಿಮಿಷಗಳ ಮಾತಿಗೆ ಅಧ್ಯಕ್ಷ ಜಾನ್ ಪಾಸ್ಟೋರೆ ಮನಸೋತು, ಸಾರ್ವಜನಿಕ ಪ್ರಸಾರಕ್ಕೆ 2 ಕೋಟಿ ಡಾಲರ್ ಸಿಕ್ಕಿತೆಂದೇ ಉದ್ಗರಿಸಿದರು.

ಕಥೋಲಿಕ ಸಭೆಯೂ ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಘೋಷಣೆಯ ನಂತರ ಇತ್ತ ವಾಲಿತು. 2007ರ ವಿಶ್ವ ಸಂವಹನ ದಿನದ ವಿಷಯವೇ 'ಮಕ್ಕಳು ಮತ್ತು ಮಾಧ್ಯಮ'. ಸೌಂದರ್ಯದ ದೃಷ್ಟಿಯಿಂದಲೂ ನೈತಿಕತೆಯಿಂದಲೂ ಉತ್ತಮವಾದುದನ್ನು ಕಂಡ ಮಕ್ಕಳಲ್ಲಿ ವಿವೇಚನೆ ತಾನಾಗಿ ಬೆಳೆಯುತ್ತದೆ ಎಂಬುದು ಅಂದಿನ ಪೋಪ್ ಹದಿನಾರನೆಯ ಬೆನೆಡಿಕ್ಟರ ಸಂದೇಶದ ಸಾರವಾಗಿತ್ತು. ಅಭಿರುಚಿಯೇ ಕಾವಲು ಎಂಬ ಈ ನಿಲುವು ಪ್ರತಿಜ್ಞಾಪತ್ರಕ್ಕಿಂತ ಹೆಚ್ಚು ಪ್ರಾಯೋಗಿಕವಾದುದು.

ಅದೇ ವರ್ಷ ಐಫೋನ್ ಮಾರುಕಟ್ಟೆಗೆ ಬಂತು. ಕಂಪ್ಯೂಟರನ್ನು ಚೆನ್ನಾಗಿ ಬಲ್ಲ ಬಾಲಕನೆಂದು 2025ರಲ್ಲಿ ಸಂತಪದವಿ ಪಡೆದ ಇಟಲಿಯ ಕಾರ್ಲೊ ಅಕುತಿಸ್ ತೀರಿಕೊಂಡದ್ದು 2006ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ. ಆತ ವಿಡಿಯೋ ಆಟಕ್ಕೆ ತಾನೇ ವಾರಕ್ಕೊಂದು ಗಂಟೆಯ ಮಿತಿ ಹಾಕಿಕೊಂಡಿದ್ದನೆಂದು ತಾಯಿ ಹೇಳಿದ್ದಾರೆ. ಆ ಸಂಯಮ ಶ್ಲಾಘನೀಯವೇ. ಆದರೆ ಅದು ಮನೆಯ ಒಂದೆಡೆ ಇರುತ್ತಿದ್ದ ಯಂತ್ರದ ಎದುರಿನ ಸಂಯಮ. ಜೇಬಿನಲ್ಲಿ ಕುಳಿತು ತಾನೇ ಕರೆಯುವ ಯಂತ್ರ ಆತನಿಗೆ ಎದುರಾಗಿರಲಿಲ್ಲ. 2025ರ ಜನವರಿಯಲ್ಲಿ ವ್ಯಾಟಿಕನ್ ಕೃತಕ ಬುದ್ಧಿಮತ್ತೆಯ ಕುರಿತು ಹೊರಡಿಸಿದ 'ಆಂತೀಕ್ವಾ ಎತ್ ನೋವಾ' ದಾಖಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಾಟ್‌ಬಾಟ್‌ಗಳನ್ನು ಮನುಷ್ಯರೆಂಬಂತೆ ಕಾಣುವ ಮಕ್ಕಳು ಮುಂದೆ ಮನುಷ್ಯ ಸಂಬಂಧಗಳನ್ನೂ ಕೊಡು-ಕೊಳ್ಳುವ ವ್ಯವಹಾರವಾಗಿ ಕಾಣಬಹುದೆಂದು ಎಚ್ಚರಿಸಿದೆ. ಕ್ರಿಸೋಸ್ಟಮ್ ತಂದೆಗೆ ವಹಿಸಿದ್ದ ಕೆಲಸವನ್ನು, ಅಂದರೆ ಕಥೆ ಹೇಳಿ ಅದನ್ನು ಮಗುವಿನಿಂದ ಮರಳಿ ಕೇಳುವುದನ್ನು, ಈ ಯಂತ್ರ ಯಾವ ಹೊತ್ತಿನಲ್ಲೂ ಮಾಡಿಕೊಡುತ್ತದೆ.