ಬೀಗದ ಕೈ ಯಾರ ಬಳಿ ಇತ್ತು?

ಕ್ಯಾಥೊಲಿಕ್ ಚರ್ಚಿನ 1983ರ ಧರ್ಮಸಂಹಿತೆಯ ಪ್ರಕಾರ ಪ್ರತಿ ಧರ್ಮಪ್ರಾಂತದ ಕಚೇರಿಯಲ್ಲೂ ಒಂದು ರಹಸ್ಯ ದಫ್ತರ ಇರಬೇಕು. ಅದರ ಬೀಗದ ಕೈ ಬಿಷಪ್ಪರ ಬಳಿ ಮಾತ್ರ ಇರಬೇಕು. ನೈತಿಕ ಅಪರಾಧದ ಕಡತಗಳಲ್ಲಿ ತಪ್ಪಿತಸ್ಥ ತೀರಿಕೊಂಡಿದ್ದರೆ, ಅಥವಾ ಶಿಕ್ಷೆಯ ತೀರ್ಪಾಗಿ ಹತ್ತು ವರ್ಷ ಕಳೆದಿದ್ದರೆ, ಅಂಥವನ್ನು ಪ್ರತಿವರ್ಷ ನಾಶ ಮಾಡಬೇಕು. ಉಳಿಯುವುದು ಒಂದು ಚಿಕ್ಕ ಟಿಪ್ಪಣಿ ಮತ್ತು ತೀರ್ಪಿನ ಪ್ರತಿ. ಕಾಲಮಿತಿ ಕಾನೂನಿನ ಇತಿಹಾಸ ನನ್ನ ಸಂಶೋಧನೆಯ ವಿಷಯ. ಮರೆಯುವುದಕ್ಕೂ ಹೀಗೊಂದು ನಿಯಮವಿದೆಯೆಂದು ಓದಿದಾಗ ನನ್ನೊಳಗೆ ಎದ್ದ ಪ್ರಶ್ನೆ ಒಂದೇ: ಹಾಗಾದರೆ ಅಮೆರಿಕದ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಇಷ್ಟೊಂದು ಕಾಗದಪತ್ರ ಇಂದು ನಮ್ಮ ಕೈಗೆ ಸಿಗುತ್ತಿರುವುದು ಹೇಗೆ?

ಬಹುಪಾಲು ಉತ್ತರ ಪರಿಹಾರ ಕೇಳಿ ಹೂಡಿದ ಸಿವಿಲ್ ದಾವೆಗಳಲ್ಲಿದೆ. ಕ್ರಿಮಿನಲ್ ಮೊಕದ್ದಮೆ ಒಬ್ಬ ಪಾದ್ರಿಯ ಅಪರಾಧವನ್ನು ವಿಚಾರಿಸುತ್ತದೆ. ಸಿವಿಲ್ ದಾವೆ ಅವನನ್ನು ನೇಮಿಸಿದವರನ್ನೂ ಕಟಕಟೆಗೆ ಕರೆಯುತ್ತದೆ: ನಿಮಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದಿರಿ? ಅಲ್ಲಿನ ಕಾನೂನಿನಲ್ಲಿ ವಿಚಾರಣೆಗೆ ಮೊದಲೇ ಎದುರು ಪಕ್ಷದ ಕಡತಗಳನ್ನು ಕೇಳಿ ಪಡೆಯುವ ಹಕ್ಕಿದೆ. ರಹಸ್ಯ ದಫ್ತರದ ಬಾಗಿಲು ತೆರೆದದ್ದು ಈ ಹಕ್ಕಿನಿಂದ.

ಬಾಸ್ಟನ್ನಿನಲ್ಲಿ ಜಾನ್ ಗೇಗನ್ ಎಂಬ ಪಾದ್ರಿಯ ವಿರುದ್ಧದ ದಾವೆಗಳ ದಾಖಲೆಗಳು ಮುಚ್ಚಿದ ಲಕೋಟೆಯಲ್ಲಿದ್ದವು. 'ಬಾಸ್ಟನ್ ಗ್ಲೋಬ್' ಪತ್ರಿಕೆ ಕೋರ್ಟಿನ ಮೊರೆ ಹೋಯಿತು. 2001ರ ನವೆಂಬರಿನಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಸ್ವೀನಿ ಅವನ್ನು ಬಹಿರಂಗಪಡಿಸಲು ಆದೇಶಿಸಿದರು. ದೂರುಗಳು ಬಂದಿದ್ದರೂ ಆತನನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಬಂದದ್ದು ಆ ಕಾಗದಗಳಿಂದ ಬಯಲಾಯಿತು. 2002ರ ಡಿಸೆಂಬರಿನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಮರುವರ್ಷ 552 ಜನರೊಂದಿಗೆ 8.5 ಕೋಟಿ ಡಾಲರಿನ ರಾಜಿಯಾಯಿತು.

ಆದರೆ ಕಾಲಮಿತಿ ಮೀರಿದವರ ಗತಿ? ಬಾಲ್ಯದಲ್ಲಿ ನೊಂದವರು ಬಾಯಿ ಬಿಡುವ ಹೊತ್ತಿಗೆ ನಡುವಯಸ್ಸಿಗೆ ಬಂದಿರುವುದುಂಟು. ಕ್ಯಾಲಿಫೋರ್ನಿಯಾ ರಾಜ್ಯ 2003ರ ಇಡೀ ಒಂದು ವರ್ಷ ಅಂಥವರಿಗೂ ದಾವೆ ಹೂಡುವ ಅವಕಾಶ ಕೊಟ್ಟಿತು. ಅದೇ ವರ್ಷದ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅವಧಿ ಮುಗಿದ ಕ್ರಿಮಿನಲ್ ಮೊಕದ್ದಮೆಗೆ ಹೊಸ ಕಾನೂನಿನಿಂದ ಮರುಜೀವ ಕೊಡುವಂತಿಲ್ಲ ಎಂದು ತೀರ್ಪಿತ್ತಿತು. ಹಳೆಯ ಅಪರಾಧಗಳಿಗೆ ಜೈಲಿನ ದಾರಿ ಮುಚ್ಚಿತು, ಪರಿಹಾರದ ದಾರಿ ಉಳಿಯಿತು.

ಲಾಸ್ ಏಂಜಲೀಸ್ ಮಹಾಧರ್ಮಪ್ರಾಂತ 2007ರಲ್ಲಿ 508 ಜನರಿಗೆ 66 ಕೋಟಿ ಡಾಲರ್ ಕೊಡಲು ಒಪ್ಪಿತು. ದುಡ್ಡಿಗಾಗಿ ಕೋರ್ಟಿಗೆ ಹೋದರು ಎಂದು ಹಗುರವಾಗಿ ಆಡುವವರು ಆ ಒಪ್ಪಂದದ ಇನ್ನೊಂದು ಷರತ್ತನ್ನು ಗಮನಿಸಬೇಕು: ಪಾದ್ರಿಗಳ ಕಡತಗಳೂ ಹೊರಬರಬೇಕಿತ್ತು. ಹಣ ಕೊಡಲು ಒಪ್ಪಿದವರು ಕಾಗದ ಕೊಡಲು ಮತ್ತೂ ಐದು ವರ್ಷ ಕಾನೂನು ಸಮರ ನಡೆಸಿದರು. ಮೇಲಧಿಕಾರಿಗಳ ಹೆಸರುಗಳಿಗೆ ಮಸಿ ಬಳಿಯುವಂತಿಲ್ಲ ಎಂದು ಕೋರ್ಟು ಹೇಳಿದ ಮೇಲೆ, 2013ರ ಜನವರಿಯಲ್ಲಿ ಸುಮಾರು 12,000 ಪುಟಗಳು ಪ್ರಕಟವಾದವು. ಯಾವುದು ಹೆಚ್ಚು ಬೆಲೆಬಾಳುತ್ತಿತ್ತು ಎಂಬುದು ಎರಡೂ ಪಕ್ಷಗಳಿಗೆ ಗೊತ್ತಿತ್ತೆಂದು ನನಗನಿಸುತ್ತದೆ.

ಸಿವಿಲ್ ದಾವೆಗೆ ಮಿತಿಗಳೂ ಇವೆ. 2004ರ ಜುಲೈಯಲ್ಲಿ ಪೋರ್ಟ್‌ಲ್ಯಾಂಡ್ ಮಹಾಧರ್ಮಪ್ರಾಂತ, ವಿಚಾರಣೆ ಶುರುವಾಗಬೇಕಿದ್ದ ದಿನವೇ ದಿವಾಳಿ ಅರ್ಜಿ ಹಾಕಿತು. ದಿವಾಳಿ ಅರ್ಜಿ ಬಿದ್ದರೆ ದಾವೆಗಳು ನಿಂತಲ್ಲೇ ನಿಲ್ಲುತ್ತವೆ. ಆಮೇಲೆ ಹಲವು ಧರ್ಮಪ್ರಾಂತಗಳು ಅದೇ ದಾರಿ ಹಿಡಿದವು. ರಾಜಿಯಾದಲ್ಲೆಲ್ಲ ಬಹಿರಂಗ ಸಾಕ್ಷ್ಯವೂ ಇಲ್ಲ, ತೀರ್ಪೂ ಇಲ್ಲ. 2002ಕ್ಕೆ ಮೊದಲಿನ ಎಷ್ಟೋ ರಾಜಿಗಳು ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತಿನವು. ಆ ವರ್ಷ ಅಮೆರಿಕದ ಬಿಷಪ್ಪರೇ ಸೇರಿ, ನೊಂದವರು ಬಯಸದ ಹೊರತು ಅಂಥ ಷರತ್ತು ಕೂಡದೆಂದು ನಿಯಮ ಮಾಡಿಕೊಳ್ಳಬೇಕಾಯಿತು.

ಇತಿಹಾಸಕಾರರು ದಾಖಲೆ ಸಿಕ್ಕಿತೆಂದು ಸುಲಭವಾಗಿ ಸಂಭ್ರಮಿಸುತ್ತಾರೆ. ಈ ದಾಖಲೆಗಳನ್ನು ನಮಗಾಗಿ ಯಾರೂ ಕಾಪಿಟ್ಟಿರಲಿಲ್ಲ. ಹೇಳಿಕೊಳ್ಳಲಾಗದ್ದನ್ನು ಅಪರಿಚಿತ ವಕೀಲರೆದುರು ಮತ್ತೆ ಮತ್ತೆ ಹೇಳಿ, ಪಾಟೀಸವಾಲಿಗೆ ಒಡ್ಡಿಕೊಂಡವರು ಒಂದೊಂದು ಪುಟವನ್ನೂ ಹೊರಗೆಳೆದರು. ಅಡಿಟಿಪ್ಪಣಿಯಲ್ಲಿ ನಾವು ಬರೆಯುವುದು ಕಡತದ ಸಂಖ್ಯೆ ಮಾತ್ರ.