ಎಡೆದೊರೆ ನಾಡಿನ ನಾರುಹುಣ್ಣು

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಯನ್ನು ಪ್ರಾಚೀನರು ಎಡೆದೊರೆ ಎರಡುಸಾಸಿರವೆಂದು ಕರೆದರು. ರಾಯಚೂರು, ದೇವದುರ್ಗ, ಮಾನ್ವಿಗಳು ಈ ನಾಡಿನೊಳಗಿನವೇ. ಎರಡು ಮಹಾನದಿಗಳ ತೋಳುಗಳ ಮಧ್ಯೆ ಇದ್ದೂ ಈ ಸೀಮೆಯು ಕುಡಿಯುವ ನೀರಿಗೆ ಬಾಯಾರಿದುದು ವಾಚಕರಿಗೆ ಸೋಜಿಗವಾಗಿ ತೋರಬಹುದು. ಆದರೆ ದಡದಿಂದ ಎರಡು ಹರಿದಾರಿ ದೂರದ ಹಳ್ಳಿಯ ಹೆಂಗಸಿಗೆ ನದಿಯೆಂಬುದು ಹೆಸರಿಗೆ ಮಾತ್ರ. ಆಕೆಗೆ ಗತಿಯಾಗಿದ್ದುದು ಊರಮುಂದಿನ ಪಾವಟಿಗೆಯ ಬಾವಿ.

ವಾಪೀ ಕೂಪ ತಟಾಕಗಳನ್ನು ಮಾಡಿಸುವುದು ಪೂರ್ತಧರ್ಮವೆಂದು ನಮ್ಮ ಹಿರಿಯರು ಎಣಿಸಿದ್ದರು. ಮೆಟ್ಟಿಲಿಳಿದು, ಮೊಣಕಾಲುಮಟ್ಟ ನೀರಿನಲ್ಲಿ ನಿಂತು, ಕೊಡವನ್ನು ಮುಳುಗಿಸಿ ತುಂಬಿಕೊಳ್ಳುವುದು ವಾಡಿಕೆ. ಆ ಪುಣ್ಯದ ಬಾವಿಯಲ್ಲಿಯೇ ರೋಗವೊಂದು ಮನೆಮಾಡಿಕೊಂಡಿತ್ತು. ಜನರು ಅದನ್ನು ನಾರುಹುಣ್ಣೆಂದರು. ಕಾಲಿನಲ್ಲಿ ಉರಿಯುವ ಬೊಬ್ಬೆಯೆದ್ದು ಒಡೆದು, ಬಿಳಿಯ ನೂಲಿನಂಥ ಹುಳುವಿನ ತುದಿಯು ಕಾಣಿಸಿಕೊಳ್ಳುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಎರಡು ಮೂರು ಅಡಿ ಉದ್ದದ ಆ ಹುಳು ನಡುವೆ ಹರಿಯಿತೆಂದರೆ ಕಾಲು ಬಾತು ಕೀವಾಗುವುದು. ಇದಕ್ಕೆ ತುತ್ತಾದ ಒಕ್ಕಲಿಗನು ವಾರಗಟ್ಟಲೆ ಹಾಸಿಗೆ ಹಿಡಿಯುವನು. ಅದೂ ಬಹುಧಾ ಬಿತ್ತನೆಯು ಎದುರಿಗೆ ಬಂದು ನಿಂತಾಗ.

ರೋಗವು ಹೊಸದಲ್ಲ. ವೃಂದನ ಸಿದ್ಧಯೋಗವೂ ಭಾವಮಿಶ್ರನ ಭಾವಪ್ರಕಾಶವೂ ಸ್ನಾಯುಕವೆಂಬ ಹೆಸರಿನಿಂದ ಇದನ್ನು ವರ್ಣಿಸಿ ಚಿಕಿತ್ಸೆಯನ್ನು ಹೇಳಿರುವುವು. ಅತ್ತ ಮನುಸ್ಮೃತಿಯು ಯತಿಯು ನೀರನ್ನು ಬಟ್ಟೆಯಿಂದ ಸೋಸಿ ಕುಡಿಯಬೇಕೆಂದು ವಿಧಿಸಿದೆ. ವೈದ್ಯಗ್ರಂಥವು ಗಾಯವನ್ನು ನೋಡಿತು, ಧರ್ಮಗ್ರಂಥವು ನೀರನ್ನು ನೋಡಿತು. ಇವೆರಡನ್ನೂ ಒಂದೇ ಪೀಠದ ಮೇಲಿಟ್ಟು ಓದುವವರು ದೊರೆಯಲಿಲ್ಲವೆಂಬುದೇ ಖೇದಕರ. ೧೮೭೦ರ ಸುಮಾರಿಗೆ ರಷ್ಯದ ಫೆಡ್ಚೆಂಕೋ ಎಂಬ ವಿದ್ವಾಂಸನು ತುರ್ಕಿಸ್ಥಾನದಲ್ಲಿ ಈ ಗಂಟನ್ನು ಬಿಡಿಸಿದನು. ರೋಗಿಯ ಕಾಲು ನೀರಿಗೆ ತಗುಲಿದೊಡನೆ ಹುಳುವು ಅಸಂಖ್ಯ ಮರಿಗಳನ್ನು ಚೆಲ್ಲುವುದು. ಸೈಕ್ಲಾಪ್ಸ್ ಎಂಬ ಅತಿಸೂಕ್ಷ್ಮ ಜಲಜಂತುವು ಅವನ್ನು ನುಂಗುವುದು. ಆ ಜಂತುವನ್ನು ನೀರಿನೊಡನೆ ಕುಡಿದವನ ದೇಹದಲ್ಲಿ ಒಂದು ವರ್ಷಕ್ಕೆ ಹೊಸ ನಾರು ಹೊರಡುವುದು. ಇದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ.

ಹೀಗಿರಲು ತಾಲ್ಲೂಕಿನ ದವಾಖಾನೆಯ ವೈದ್ಯನು ಎಷ್ಟೇ ನಿಪುಣನಾಗಿದ್ದರೂ ಮಾಡಬಹುದಾದುದೇನು? ಒಂದು ಕಾಲಿಗೆ ಪಟ್ಟಿ ಕಟ್ಟಿ ಕಳುಹಿಸಿದರೆ ಅದೇ ಬಾವಿಯು ಮರುವರ್ಷ ಹತ್ತು ಕಾಲುಗಳನ್ನು ಕಳುಹಿಸುತ್ತಿತ್ತು. ಬಾವಿಯ ವಿಚಾರವು ಬೇರೊಂದು ಇಲಾಖೆಗೆ ಸೇರಿದ್ದು. ರೋಗಚಿಕಿತ್ಸೆಯನ್ನೂ ರೋಗನಿವಾರಣೆಯನ್ನೂ ಒಂದೇ ಪ್ರಾಥಮಿಕ ಕೇಂದ್ರಕ್ಕೆ ಒಪ್ಪಿಸಬೇಕೆಂದು ಭೋರ್ ಸಮಿತಿಯು ೧೯೪೬ರಲ್ಲಿಯೇ ಹೇಳಿತ್ತು. ಆದರೆ ಹೇಳಿದ್ದು ನಡೆಯುವುದಕ್ಕೆ ನಮ್ಮ ದೇಶದಲ್ಲಿ ಕಾಲ ಬೇಕು.

ನಾರಿನ ಮಟ್ಟಿಗೆ ಆ ಕಾಲವು ೧೯೮೪ರ ಹೊತ್ತಿಗೆ ಬಂದಿತು. ರಾಷ್ಟ್ರೀಯ ನಿರ್ಮೂಲನ ಕಾರ್ಯವು ಆರಂಭವಾದಾಗ ದೇಶದ ೧೨,೮೪೦ ಹಳ್ಳಿಗಳಲ್ಲಿ ಸುಮಾರು ೪೦,೦೦೦ ರೋಗಿಗಳಿದ್ದರು. ರೋಗಪೀಡಿತ ರಾಜ್ಯಗಳಲ್ಲಿ ಕರ್ನಾಟಕವೂ, ಅದರೊಳಗೆ ರಾಯಚೂರು ಸೀಮೆಯೂ ಸೇರಿದ್ದಿತು. ಇಲ್ಲಿ ಹೊಸ ಮದ್ದೇನೂ ಬರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತನು ರೋಗಿಯು ಬರಲೆಂದು ಕಾಯದೆ ಮನೆಮನೆಗೆ ಹೋಗಿ ಹುಡುಕಿದನು. ಹುಣ್ಣಿಗೆ ಪಟ್ಟಿ ಕಟ್ಟಿದವನೇ ರೋಗಿಯು ಬಾವಿಗಿಳಿಯದಂತೆ ನೋಡಿಕೊಂಡನು; ಅವನೇ ಆ ಬಾವಿಗೆ ಟೆಮೆಫಾಸ್ ಮದ್ದನ್ನು ಹಾಕಿದನು, ನೀರು ಸೋಸುವ ಬಟ್ಟೆಯನ್ನು ಮನೆಯಾಕೆಯ ಕೈಯಲ್ಲಿಟ್ಟು ಕೊಡದ ಬಾಯಿಗೆ ಕಟ್ಟುವುದನ್ನು ತೋರಿಸಿದನು. ಪಾವಟಿಗೆಯ ಬಾವಿಗಳನ್ನು ಮುಚ್ಚಿ ಸೇದುವ ಬಾವಿಗಳನ್ನಾಗಿ ಮಾಡಿದರು, ಕೈಪಂಪುಗಳನ್ನು ನೆಟ್ಟರು. ತಾತ ಮುತ್ತಾತಂದಿರು ಇಳಿದ ಮೆಟ್ಟಿಲುಗಳಿಗೆ ಕಲ್ಲು ಮುಚ್ಚುವುದು ಊರಿನವರಿಗೆ ಸುಲಭವಾದ ಮಾತಲ್ಲವೆಂಬುದನ್ನು ಇತಿಹಾಸಕಾರನು ಮರೆಯಬಾರದು. ದೇಶದ ಕಟ್ಟಕಡೆಯ ನಾರು ೧೯೯೬ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೦ದ ಫೆಬ್ರವರಿಯಲ್ಲಿ ಭಾರತವನ್ನು ಮುಕ್ತವೆಂದು ಸಾರಿತು.

ಕಥೆಯು ಇಲ್ಲಿಗೆ ಮುಗಿಯಿತೆನ್ನುವಂತಿಲ್ಲ. ತೆರೆದ ಬಾವಿಯನ್ನು ಬಿಟ್ಟ ಜನರು ಕೊಳವೆಬಾವಿಯನ್ನು ನಂಬಿದರು. ದೇವದುರ್ಗ, ಮಾನ್ವಿ, ಲಿಂಗಸುಗೂರು ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ ೧.೫ ಮಿಲಿಗ್ರಾಮಿನ ಮೇರೆಯನ್ನು ಮೀರಿದೆ. ಅಂಥ ನೀರು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುವುದು. ಬಹುಕಾಲ ಕುಡಿದವರ ಸಂದುಗಳು ಬಿಗಿದು ಬೆನ್ನು ಬಾಗುವುದು. ನಾರನ್ನಾದರೂ ಕಡ್ಡಿಗೆ ಸುತ್ತಿ ಹೊರಗೆಳೆಯಬಹುದಾಗಿತ್ತು. ಎಲುಬಿನೊಳಗೆ ಸೇರಿದ ಫ್ಲೋರೈಡನ್ನು ಎಳೆಯುವ ಕಡ್ಡಿಯಿಲ್ಲ, ಬಟ್ಟೆಯಿಂದ ಸೋಸಿದರೂ ಅದು ಹೋಗದು.

೨೦೨೨ರ ಮೇ, ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತವಾದ ನಲ್ಲಿಯ ನೀರನ್ನು ಕುಡಿದು ಹಲವರು ಮಡಿದರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಜನರು ವಾಂತಿಭೇದಿಯಿಂದ ನರಳಿದರು. ಹಿಂದೆ ನಾರನ್ನು ಹುಡುಕುತ್ತ ಹೋದವನು ಪ್ರತಿ ಮನೆಯಲ್ಲಿಯೂ ಕೇಳುತ್ತಿದ್ದ ಮಾತು ಎರಡೇ: ಹುಣ್ಣು ಯಾರಿಗಿದೆ, ನೀರು ಎಲ್ಲಿಂದ ತರುವಿರಿ. ಈ ಎರಡೂ ಊರುಗಳಲ್ಲಿ ಎರಡನೆಯ ಪ್ರಶ್ನೆಯು ಕೇಳಿಬಂದುದು ಹಾಸಿಗೆಗಳು ತುಂಬಿದ ಮೇಲೆ.